ಚೀಟಿ ಕೊಟ್ಟ ಮೇಲಿನ ಕೆಲಸ

ಊರ ಸರ್ಕಾರಿ ಶಾಲೆಯ ಸಿಬ್ಬಂದಿ ಪಟ್ಟಿಯಲ್ಲಿ ನರ್ಸ್ ಎಂಬ ಹುದ್ದೆಯೇ ಇಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ವಲಯಗಳು. ಇಲ್ಲಿ ಯಾವ ಶಾಲೆಯ ಗೇಟು ದಾಟಿದರೂ ಹೆಡ್‌ಮಾಸ್ತರು ಸಿಗುತ್ತಾರೆ, ಅಕ್ಕೋರು ಸಿಗುತ್ತಾರೆ, ಬಿಸಿಯೂಟದ ಅಡುಗೆಯವರು ಸಿಗುತ್ತಾರೆ. ನರ್ಸ್ ಕೋಣೆ ಎಲ್ಲಿ ಎಂದು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗೆಂದು ಆ ಕೆಲಸ ನಡೆದೇ ಇಲ್ಲ ಎನ್ನುವಂತಿಲ್ಲ. ಅದು ಮೂರ್ನಾಲ್ಕು ಕೈಗಳಲ್ಲಿ ಹಂಚಿಹೋಗಿದೆ: ವರ್ಷಕ್ಕೊಮ್ಮೆ ಜೀಪಿನಲ್ಲಿ ಬರುವ ತಂಡದ ನರ್ಸ್, ಉಪಕೇಂದ್ರದ ಆರೋಗ್ಯ ಸಹಾಯಕಿ, ಗುಳಿಗಿ ಹಂಚುವ ಶಿಕ್ಷಕಿ, ವಸತಿ ಶಾಲೆಯಾದರೆ ಅಲ್ಲೇ ಇರುವ ಶುಶ್ರೂಷಕಿ. ಇವರೆಲ್ಲರ ಕೆಲಸ ಕೂಡಿಸಿದರೆ ಒಬ್ಬ ಶಾಲಾ ನರ್ಸ್ ಆಗುತ್ತಾಳೆ. ಆದರೆ ಕೂಡಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಜೀಪಿನ ತಂಡದಿಂದಲೇ ಶುರು ಮಾಡೋಣ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಾರ್ಗಸೂಚಿಯಂತೆ ಒಂದು ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು (ಒಬ್ಬರು ಮಹಿಳೆ), ಒಬ್ಬ ನರ್ಸ್ ಅಥವಾ ಸಹಾಯಕ ನರ್ಸ್ (ಎಎನ್‌ಎಂ), ಒಬ್ಬ ಫಾರ್ಮಾಸಿಸ್ಟ್ ಇರುತ್ತಾರೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟು ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಗುಂಪಿನ ಸುಮಾರು 30 ತೊಂದರೆಗಳನ್ನು ಹುಡುಕಬೇಕು. ಸೀಳು ತುಟಿ, ಹೃದಯದ ರಂಧ್ರ, ಕಿವಿ ಸೋರುವುದು, ಹುಳುಕು ಹಲ್ಲು, ರಕ್ತಹೀನತೆ, ದೃಷ್ಟಿದೋಷ ಎಲ್ಲವೂ ಆ ಪಟ್ಟಿಯಲ್ಲಿವೆ.

ಬೈಲಹೊಂಗಲದ ಕರಿ ಮಣ್ಣಿನ ಸೀಮೆಯ ಯಾವುದೋ ಹಿರಿಯ ಪ್ರಾಥಮಿಕ ಶಾಲೆಗೆ ಈ ತಂಡ ಬಂದ ದಿನ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಪಡಸಾಲೆಯಲ್ಲಿ ತೂಕದ ಯಂತ್ರ, ಗೋಡೆಗೆ ಅಳತೆಪಟ್ಟಿ, ಆರು ಮೀಟರ್ ದೂರದಲ್ಲಿ ಅಕ್ಷರದ ಚಾರ್ಟು. ಚಪ್ಪಲಿ ಬಿಡಿಸಿ ನಿಲ್ಲಿಸುವುದು, ಕೆಳರೆಪ್ಪೆ ಜಗ್ಗಿ ಬಣ್ಣ ನೋಡುವುದು, ನಾಲಗೆ ಚಾಚಿಸುವುದು, ಉಗುರು ತಿರುಗಿಸುವುದು. ಇಷ್ಟೂ ನರ್ಸಿನ ಪಾಲು. ನಡುವೆ ಅವಳ ಬಾಯಿ ಸುಮ್ಮನಿರುವುದಿಲ್ಲ. ‘ಯಾಕೋ ತಮ್ಮಾ, ಮುಂಜಾನೆ ಏನ್ ತಿಂದ್ ಬಂದೀ?’ ‘ಚಾ ಕುಡದೇನ್ರೀ.’ ‘ಬರೇ ಚಾ?’ ‘ಖಾರಿ ತಿಂದೇನ್ರೀ.’ ರಕ್ತ ಪರೀಕ್ಷೆಯಲ್ಲಿ ಕಾಣದ ಸಂಗತಿ ಈ ಎರಡು ಮಾತಿನಲ್ಲಿ ಸಿಕ್ಕಿಬಿಡುತ್ತದೆ. ಚಹಾ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಖಾರಿಯಲ್ಲಿ ಮೈದಾ, ಎಣ್ಣೆ ಬಿಟ್ಟರೆ ಹೆಚ್ಚೇನಿಲ್ಲ.

ಕಣ್ಣಿನ ಪರೀಕ್ಷೆ ಎಲ್ಲಕ್ಕಿಂತ ತಮಾಷೆಯದು. ಸಾಲಿನಲ್ಲಿ ನಿಂತ ಜಾಣ ಹುಡುಗರು ಮುಂದಿನವರು ಓದುವುದನ್ನು ಕೇಳಿ ಕೇಳಿ ಚಾರ್ಟನ್ನೇ ಬಾಯಿಪಾಠ ಮಾಡಿರುತ್ತಾರೆ. ಅನುಭವಿ ನರ್ಸ್ ಕೆಳಗಿನ ಸಾಲಿನಿಂದ, ಬಲದಿಂದ ಎಡಕ್ಕೆ ಓದಿಸುತ್ತಾಳೆ. ಆಗ ಮಂದದೃಷ್ಟಿಯ ಮಗು ಸಿಕ್ಕಿಬೀಳುತ್ತದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂಜಾಗಿರುವ ಮಕ್ಕಳೂ ಹೀಗೇ ತಿಳಿಯುತ್ತಾರೆ. ಅಂಥವರ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಸುವವರೆಗೆ ಮನೆಯವರಿಗೂ ಗೊತ್ತಿರುವುದಿಲ್ಲ, ಮಗುವಿಗೂ ಗೊತ್ತಿರುವುದಿಲ್ಲ. ಬೋರ್ಡು ಕಾಣದ ಹುಡುಗ ಪಕ್ಕದವನ ಪಟ್ಟಿ ನೋಡಿ ಬರೆದುಕೊಳ್ಳುತ್ತಾನೆ, ಕಾಪಿ ಹೊಡೆದನೆಂದು ಪೆಟ್ಟು ತಿನ್ನುತ್ತಾನೆ. ದಡ್ಡ ಎನಿಸಿಕೊಂಡ ಎಷ್ಟೋ ಮಕ್ಕಳಿಗೆ ಬೇಕಾಗಿದ್ದದ್ದು ಒಂದು ಚಸ್ಮಾ.

ಸಂಜೆಗೆ ತಂಡ ಹೊರಡುವಾಗ ಶಾಲೆಯಲ್ಲಿ ಒಂದಷ್ಟು ಚೀಟಿಗಳು ಉಳಿಯುತ್ತವೆ. ಈ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಆ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಬರೆದ ಚೀಟಿಗಳು. ಚೀಟಿ ಪಾಟಿಚೀಲದೊಳಗೆ ಮನೆ ಸೇರುತ್ತದೆ, ಅಥವಾ ಸೇರುವುದಿಲ್ಲ. ಶಾಲಾ ನರ್ಸ್ ಎಂಬ ವೃತ್ತಿ ಹುಟ್ಟಿದ್ದೇ ಈ ಜಾಗದಲ್ಲಿ ಎಂಬುದನ್ನು ನೆನೆಯಲು ಅಮೆರಿಕಕ್ಕೆ ಒಮ್ಮೆ ಹೋಗಿಬರಬೇಕು.

ನ್ಯೂಯಾರ್ಕ್ ನಗರದ ಶಾಲೆಗಳಿಗೆ 1897ರಿಂದಲೇ ವೈದ್ಯರು ಬರುತ್ತಿದ್ದರು. ಕಣ್ಣಿನ ಟ್ರಕೋಮಾ, ಹೇನು, ಗಜಕರ್ಣ, ತುರಿಕಜ್ಜಿ ಇದ್ದ ಮಕ್ಕಳನ್ನು ಹುಡುಕಿ ಮನೆಗೆ ಕಳಿಸುವುದಷ್ಟೇ ಅವರ ಕೆಲಸ. ಮನೆಗೆ ಹೋದ ಮಗು ಏನಾಯಿತು ಎಂದು ಕೇಳುವವರಿಲ್ಲ; ತಾಯಿಗೆ ಚೀಟಿ ಓದಲು ಬರುವುದಿಲ್ಲ; ಮಗು ಬೀದಿಯಲ್ಲಿ ಅದೇ ಗೆಳೆಯರ ಜೊತೆ ಆಡಿಕೊಂಡು ಶಾಲೆ ತಪ್ಪಿಸಿಕೊಳ್ಳುತ್ತದೆ. 1902ರ ಅಕ್ಟೋಬರ್‌ನಲ್ಲಿ ಲಿಲಿಯನ್ ವಾಲ್ಡ್ ತಮ್ಮ ಹೆನ್ರಿ ಸ್ಟ್ರೀಟ್ ಸಂಸ್ಥೆಯ ನರ್ಸ್ ಲೀನಾ ರೋಜರ್ಸ್ ಅವರನ್ನು ಒಂದು ತಿಂಗಳ ಪ್ರಯೋಗಕ್ಕೆಂದು ನಾಲ್ಕು ಶಾಲೆಗಳಿಗೆ ಕೊಟ್ಟರು. ರೋಜರ್ಸ್ ಸಣ್ಣಪುಟ್ಟದ್ದಕ್ಕೆ ಶಾಲೆಯಲ್ಲೇ ಮದ್ದು ಹಚ್ಚಿ ಮಗುವನ್ನು ತರಗತಿಗೆ ಕಳಿಸಿದರು. ಉಳಿದವರ ಬೆನ್ನು ಹತ್ತಿ ಮನೆಮನೆಗೆ ಹೋದರು. 1902ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ನಗರದ ಶಾಲೆಗಳಿಂದ ಹೊರಹಾಕಿದ ಮಕ್ಕಳು 10,567. ನರ್ಸ್‌ಗಳು ನೆಲೆಗೊಂಡ ಮೇಲೆ, 1903ರ ಸೆಪ್ಟೆಂಬರ್‌ನಲ್ಲಿ 1,101. ಪರೀಕ್ಷೆ ಮೊದಲೂ ಇತ್ತು, ವೈದ್ಯರೂ ಇದ್ದರು. ಹೊಸದಾಗಿ ಸೇರಿದ್ದು ಮನೆಯ ಬಾಗಿಲು ತಟ್ಟುವ ಒಬ್ಬ ಹೆಂಗಸು.

ನಮ್ಮಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾದಲ್ಲಿ. 1946ರಲ್ಲಿ ದೇಶದ ಆರೋಗ್ಯದ ಕುರಿತ ಭೋರ್ ಸಮಿತಿ, 1961ರಲ್ಲಿ ರೇಣುಕಾ ರೇ ಅಧ್ಯಕ್ಷತೆಯ ಶಾಲಾ ಆರೋಗ್ಯ ಸಮಿತಿ ವರದಿ ಕೊಟ್ಟವು. ವರದಿಗಳಿಗೆ ಬರವಿರಲಿಲ್ಲ, ಬರವಿದ್ದದ್ದು ಬಾಗಿಲು ತಟ್ಟುವವರಿಗೆ.

ಸವದತ್ತಿ ತಾಲ್ಲೂಕಿಗೆ ಬಂದರೆ ಹೇನು ಕೂಡ ಬರೀ ಹೇನಾಗಿ ಉಳಿಯುವುದಿಲ್ಲ. ಎಣ್ಣೆ-ಹಣಿಗಿ ಕಾಣದೆ, ಹೇನು ಸೀರು ತುಂಬಿ, ಕೆರೆದು ಕೆರೆದು ರಸಿಕೆಯಾದ ತಲೆಯ ಕೂದಲು ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಬೇರೆ ಕಡೆ ಅದನ್ನು ಕೊಳೆ ಎನ್ನುತ್ತಾರೆ. ಎಲ್ಲಮ್ಮನ ಗುಡ್ಡದ ಸುತ್ತಲಿನ ಸೀಮೆಯಲ್ಲಿ ‘ಜಡಿ ಬಂದೈತಿ’ ಎನ್ನುತ್ತಾರೆ. ಜಡೆಗೆ ಭಂಡಾರ ಹಚ್ಚಿ ಪೂಜಿಸುವುದು, ಎಲ್ಲಮ್ಮವ್ವ ತನ್ನ ಮಗಳನ್ನು ಕರೆಯುತ್ತಿದ್ದಾಳೆಂದು ನಂಬುವುದು, ಹುಡುಗಿಯನ್ನು ದೇವಿಗೆ ಬಿಡುವ ಮಾತು ಮನೆಯಲ್ಲಿ ಏಳುವುದು ಹಿಂದೆ ಸಾಮಾನ್ಯವಾಗಿತ್ತು. ಕರ್ನಾಟಕದ ದೇವದಾಸಿ ಸಮರ್ಪಣ ನಿಷೇಧ ಕಾಯ್ದೆ 1982ರದು. ಅದಾಗಿ ನಾಲ್ಕು ದಶಕ ದಾಟಿದರೂ ಜಡೆಯ ಭಯ ಪೂರ್ತಿ ಹೋಗಿಲ್ಲ. ಕತ್ತರಿಸಿದರೆ ಕೇಡಾಗುತ್ತದೆಂದು ತಾಯಂದಿರು ಈಗಲೂ ಹಿಂಜರಿಯುತ್ತಾರೆ. ಜಡೆ ಕತ್ತರಿಸಿ ಭಯ ಬಿಡಿಸುವುದನ್ನೇ ಚಳವಳಿಯಂತೆ ಮಾಡಿದವರಲ್ಲಿ ಮಾಜಿ ದೇವದಾಸಿಯರೇ ಕಟ್ಟಿದ ಘಟಪ್ರಭಾದ ‘ಮಾಸ್’ ಸಂಸ್ಥೆಯೂ ಒಂದು.

ಇಂಥ ಊರಿನ ಐದನೆಯ ತರಗತಿಯ ಹುಡುಗಿಯ ಕುತ್ತಿಗೆಯ ಹಿಂದೆ ಮೊದಲ ಗಂಟು ಕಂಡಾಗ ನರ್ಸ್ ಏನು ಮಾಡಬೇಕು? ಕತ್ತರಿ ಹಿಡಿದು ಹೊರಟರೆ ಮರುದಿನದಿಂದ ಹುಡುಗಿ ಶಾಲೆಗೆ ಬರುವುದಿಲ್ಲ. ಬಲ್ಲವರು ಗಂಟಿನ ಸುದ್ದಿಯನ್ನೇ ಎತ್ತುವುದಿಲ್ಲ. ತಾಯಿಯನ್ನು ಕರೆಸಿ, ‘ಹುಡುಗಿಗೆ ಹೇನ ಭಾಳ ಆಗ್ಯಾವ್ರಿ, ಎಣ್ಣಿ ಹಚ್ಚಿ ಸೀರಣಿಗಿ ಆಡಸ್ರಿ, ಈ ಔಷಧ ಹಚ್ಚಿ ತೊಳೀರಿ, ಎಂಟ ದಿನ ಬಿಟ್ಟ ಮತ್ತ ಹಚ್ಚರಿ’ ಎಂದಷ್ಟೇ ಹೇಳುತ್ತಾರೆ. ಎರಡನೆಯ ಸಲ ಹಚ್ಚುವುದು ಮುಖ್ಯ. ಮೊದಲ ಸಲಕ್ಕೆ ಹೇನು ಸತ್ತರೂ ಸೀರು ಉಳಿದು ಸುಮಾರು ಒಂದು ವಾರದಲ್ಲಿ ಒಡೆಯುತ್ತದೆ. ಹೇನು ಹೋದರೆ ಕೆರೆತ ಹೋಗುತ್ತದೆ, ಬಾಚಿದರೆ ಗಂಟು ಬಿಡುತ್ತದೆ, ದೇವಿಯ ಪ್ರಶ್ನೆ ಮನೆಯೊಳಗೆ ಬರುವ ಸಂದರ್ಭವೇ ಒದಗುವುದಿಲ್ಲ. ವರ್ಷಕ್ಕೊಮ್ಮೆ ಬರುವ ಜೀಪಿನಿಂದ ಆಗುವ ಕೆಲಸ ಇದಲ್ಲ. ಎಂಟು ದಿನ ಬಿಟ್ಟು ಮತ್ತೆ ಬರುವವರು ಬೇಕು.

ಗುಳಿಗಿ ಹಂಚಿಕೆಯೂ ನೋಡಲು ಸರಳ, ಒಳಗೆ ತೊಡಕಿನದು. ಒಂದರಿಂದ ಐದನೆಯ ತರಗತಿಯವರಿಗೆ ಗುಲಾಬಿ ಬಣ್ಣದ್ದು, 45 ಮಿಲಿಗ್ರಾಂ ಕಬ್ಬಿಣಾಂಶ. ದೊಡ್ಡವರಿಗೆ ನೀಲಿ, 60 ಮಿಲಿಗ್ರಾಂ. ಎರಡರಲ್ಲೂ ಫೋಲಿಕ್ ಆಮ್ಲ ಇರುತ್ತದೆ, ವಾರಕ್ಕೊಂದು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ ಈ ಗುಳಿಗಿ ಸಣ್ಣ ಸಂಗತಿಯಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. 2013ರಿಂದ ಬೆಳಿಗ್ಗೆ ಕೊಡುವ ಕ್ಷೀರಭಾಗ್ಯದ ಹಾಲಿನ ಜೊತೆ ನುಂಗಿದರೆ ಹಾಲಿನ ಸುಣ್ಣದಂಶ ಕಬ್ಬಿಣಕ್ಕೆ ಅಡ್ಡ ನಿಲ್ಲುತ್ತದೆ. ಬಿಸಿಯೂಟದ ನಂತರವೇ ಕೊಡಬೇಕು. ಶ್ರಾವಣದಲ್ಲಿ ಸೋಮವಾರವೋ ಮಂಗಳವಾರವೋ ಅವ್ವನ ಜೊತೆ ಒಪ್ಪತ್ತು ಮಾಡುವ ಹುಡುಗಿಯರಿದ್ದರೆ ಆ ದಿನ ಬಿಟ್ಟು ಮರುದಿನ ಕೊಡಬೇಕು. ಮಲ ಕಪ್ಪಗಾದೀತು, ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿರಬೇಕು. ಹೇಳದಿದ್ದರೆ ಒಬ್ಬಳ ಗಾಬರಿ ಇಡೀ ಓಣಿಗೆ ಹಬ್ಬಿ ಮುಂದಿನ ವಾರದ ಗುಳಿಗಿಗಳು ಕಿಟಕಿಯಾಚೆ ಬೀಳುತ್ತವೆ.

ಜಂತುಹುಳದ ಅಲ್ಬೆಂಡಜೋಲ್ ಮಾತ್ರೆಯದು ಇನ್ನೊಂದು ಕಥೆ. 2015ರಲ್ಲಿ ಆರಂಭವಾದ ಜಂತುಹುಳ ನಿವಾರಣಾ ದಿನ ಈಗ ವರ್ಷಕ್ಕೆರಡು ಸಲ, ಫೆಬ್ರುವರಿ 10 ಮತ್ತು ಆಗಸ್ಟ್ 10. ಸವದತ್ತಿಯಲ್ಲಿ ಕೆಲವು ವರ್ಷ ಫೆಬ್ರುವರಿ 10ರ ಆಸುಪಾಸಿಗೇ ಭಾರತ ಹುಣ್ಣಿಮೆಯ ಜಾತ್ರೆ ಬರುತ್ತದೆ. ಗುಡ್ಡದ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರು ಸಾಲುಗಟ್ಟಿದಾಗ ತರಗತಿ ಅರ್ಧ ಖಾಲಿ. ಅಂದು ತಪ್ಪಿದವರಿಗೆಂದೇ ವಾರದ ನಂತರ ಇನ್ನೊಂದು ದಿನ ಇಟ್ಟಿರುತ್ತಾರೆ. ಆ ಎರಡನೆಯ ದಿನದ ಪಟ್ಟಿಯನ್ನು ಶ್ರದ್ಧೆಯಿಂದ ಮುಗಿಸುವವರು ಯಾರು ಎಂಬುದರ ಮೇಲೆ ಊರಿನ ಜಂತುಹುಳದ ಭವಿಷ್ಯ ನಿಂತಿದೆ. ಮಲಪ್ರಭಾ ಸಕ್ಕರೆ ಕಾರ್ಖಾನೆಯಿರುವ ಎಂ.ಕೆ.ಹುಬ್ಬಳ್ಳಿ ಸುತ್ತ ಕಬ್ಬು ಕಡಿಯಲು ಬಂದವರ ಗುಡಿಸಲಿನ ಮಕ್ಕಳದು ಬೇರೆಯದೇ ಪಾಡು. ಅವರ ಹೆಸರು ಬಿಟ್ಟುಬಂದ ಊರಿನ ಹಾಜರಿಯಲ್ಲಿರುತ್ತದೆ. ಇಲ್ಲಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಈ ನಾಲ್ಕು ತಾಲ್ಲೂಕಿನಲ್ಲಿ ನಿಜವಾದ ಶಾಲಾ ನರ್ಸನ್ನು ನೋಡಬೇಕೆಂದರೆ ವಸತಿ ಶಾಲೆಗೆ ಹೋಗಬೇಕು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ಹೆಸರಿನ ಸರ್ಕಾರಿ ವಸತಿ ಶಾಲೆಗಳಲ್ಲಿ ಆರರಿಂದ ಹತ್ತನೆಯ ತರಗತಿ, ತರಗತಿಗೆ 50ರಂತೆ 250 ಮಕ್ಕಳು, ಅವರಿಗೊಂದು ಶುಶ್ರೂಷಕಿಯ ಹುದ್ದೆ. ಕಿತ್ತೂರಿನಲ್ಲಿ 1969ರಲ್ಲಿ ಹೆಣ್ಣುಮಕ್ಕಳಿಗೆಂದೇ ಆರಂಭವಾದ ರಾಣಿ ಚನ್ನಮ್ಮ ವಸತಿ ಸೈನಿಕ ಶಾಲೆ ಬೇರೆ ಇದೆ. ಮಗು ರಾತ್ರಿಯೂ ಇಲ್ಲೇ ಇರುವುದರಿಂದ ಇಲ್ಲಿನ ನರ್ಸ್‌ಗೆ ಚೀಟಿ ಬರೆದು ಕೈತೊಳೆದುಕೊಳ್ಳುವ ಅನುಕೂಲವಿಲ್ಲ.

ಅವಳ ವಾರಕ್ಕೊಂದು ಲಯವಿದೆ. ಭಾನುವಾರ ಪಾಲಕರು ರೊಟ್ಟಿ, ಶೇಂಗಾ ಚಟ್ನಿ, ಕರದಂಟು ಕಟ್ಟಿಕೊಂಡು ಬಂದು ಸಂಜೆ ಬಸ್ಸು ಹತ್ತಿದರೆಂದರೆ ಹೊಸದಾಗಿ ಸೇರಿದ ಆರನೆಯ ತರಗತಿಯ ಮಕ್ಕಳಿಗೆ ಹೊಟ್ಟೆನೋವು ಶುರು. ‘ಎಲ್ಲಿ ನೋಯ್ತೈತಿ?’ ಎಂದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ಇಡುತ್ತಾರೆ. ಇದರಲ್ಲಿ ಮನೆ ನೆನಪಿನ ನೋವು ಯಾವುದು, ಅತಿಯಾಗಿ ತಿಂದದ್ದು ಯಾವುದು, ಹೊಕ್ಕುಳ ಬಳಿ ಹುಟ್ಟಿ ಬಲಕ್ಕೆ ಸರಿಯುವ, ತಡಮಾಡಿದರೆ ಜೀವಕ್ಕೆ ಕುತ್ತಾಗುವ ಅಪೆಂಡಿಸೈಟಿಸ್ ನೋವು ಯಾವುದು ಎಂದು ಬೇರ್ಪಡಿಸುವುದು ಪುಸ್ತಕದಿಂದಷ್ಟೇ ಬರುವ ವಿದ್ಯೆಯಲ್ಲ. ಮಗುವಿನ ಮಾತಿಗಿಂತ ನಡಿಗೆ ನೋಡುತ್ತಾಳೆ. ಬಗ್ಗಿ, ಹೊಟ್ಟೆ ಹಿಡಿದು, ಹೆಜ್ಜೆ ಊರಲು ಹೆದರುವ ಮಗುವಿಗೆ ರಾತ್ರಿಯಾದರೂ ವಾಹನ ಕರೆಸುತ್ತಾಳೆ. ಉಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಸುದ್ದಿ ಕೇಳುತ್ತಾಳೆ. ಅರ್ಧ ಗಂಟೆಯಲ್ಲಿ ನೋವು ಹೋಗಿರುತ್ತದೆ.

ತುರಿಕಜ್ಜಿ ಬಂದರೆ ಅದು ದಂಡಯಾತ್ರೆ. ಒಬ್ಬನಿಗೆ ಮುಲಾಮು ಹಚ್ಚಿ ಸುಮ್ಮನಾದರೆ ಪಕ್ಕದ ಮಂಚದವನಿಂದ ವಾರದೊಳಗೆ ಮರಳಿ ಅಂಟುತ್ತದೆ. ಹಾಗಾಗಿ ಕೆರೆಯುವವನು, ಕೆರೆಯದವನು ಎನ್ನದೆ ಕೋಣೆಯ ಎಲ್ಲರಿಗೂ ಒಂದೇ ರಾತ್ರಿ, ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿಯನ್ನೂ ಬಿಡದೆ ಪರ್ಮೆಥ್ರಿನ್ ಹಚ್ಚಿಸಬೇಕು, ಬೆಳಿಗ್ಗೆ ಸ್ನಾನ, ಚಾದರ, ಅಂಗಿಗಳೆಲ್ಲ ಬಿಸಿನೀರಿಗೆ, ಆಮೇಲೆ ಬಿಸಿಲಿಗೆ. ಬಾವಿಯಲ್ಲಿ ನೀರು ಕಡಿಮೆಯಾದ ಮಾರ್ಚ್‌ನಲ್ಲಿ ಇದನ್ನು ಮಾಡಿಸುವುದೆಂದರೆ ವಾರ್ಡನ್, ಅಡುಗೆಯವರು, ಪ್ರಿನ್ಸಿಪಾಲರು ಎಲ್ಲರ ಜೊತೆ ಒಂದು ಸುತ್ತು ಜಗಳ.

ಹೆಣ್ಣುಮಕ್ಕಳು ಗಂಡು ಮಾಸ್ತರ ಮುಂದೆ ಆಡಲಾರದ ಮಾತುಗಳೆಲ್ಲ ಬರುವುದು ಇವಳ ಕೋಣೆಗೆ. ಮೊದಲ ಮುಟ್ಟಿನ ಗಾಬರಿ, ಕೆಲ ವರ್ಷ ನಿಂತು 2024ರಲ್ಲಿ ಮತ್ತೆ ಚಾಲೂ ಆದ ಸರ್ಕಾರದ ‘ಶುಚಿ’ ಪ್ಯಾಡಿನ ಲೆಕ್ಕ, ರಜೆಯಲ್ಲಿ ಊರಿಗೆ ಹೋದರೆ ಲಗ್ನ ಮಾಡಿಬಿಡುತ್ತಾರೇನೋ ಎಂಬ ಅಂಜಿಕೆ. ಕೊನೆಯದಕ್ಕೆ ಔಷಧದ ಪೆಟ್ಟಿಗೆಯಲ್ಲಿ ಮದ್ದಿಲ್ಲ, 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಇದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಶಾಲೆಯ ಹೆಸರು ಕೆಟ್ಟೀತು ಎಂಬ ಒತ್ತಡದ ನಡುವೆ ಆ ಫೋನು ಮಾಡುವ ಧೈರ್ಯ ಅವಳ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ.

ಸಂಬಳದ ಮಾತು ಬಂತು. ಜೀಪಿನ ತಂಡದ ಬಹುತೇಕರು ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು. ಕಾಯಂ ಮಾಡಿ ಎಂಬ ಅವರ ಬೇಡಿಕೆ ಹಳೆಯದು. ಈ ಕೆಲಸದಲ್ಲಿ ಸಿಗುವ ಪ್ರತಿಫಲ ಮತ್ತೊಂದು ಬಗೆಯದು, ಅದನ್ನು ಸಂಬಳಕ್ಕೆ ಬದಲಿ ಎಂದು ತೋರಿಸುವುದು ಅನ್ಯಾಯ. ಆದರೂ ಅದು ಇದೆ. ರಾಮದುರ್ಗದ ಕಡೆಯ ಮಗುವೊಂದಕ್ಕೆ ಓಡಿದರೆ ಏದುಸಿರು, ಅತ್ತರೆ ತುಟಿ ನೀಲಿ ಎಂದುಕೊಳ್ಳಿ. ತಂಡದ ವೈದ್ಯರು ಎದೆಯ ಸದ್ದು ಕೇಳಿ ಚೀಟಿ ಬರೆಯುತ್ತಾರೆ. ಬೆಳಗಾವಿ ಸುಮಾರು ನೂರು ಕಿಲೊಮೀಟರ್ ದೂರ. ಹೋಗಿಬರುವುದೆಂದರೆ ಅಪ್ಪನ ಒಂದು ದಿನದ ಕೂಲಿ ಹೋಯಿತು. ಎಕೋ ಪರೀಕ್ಷೆ, ಶಸ್ತ್ರಚಿಕಿತ್ಸೆ ಸರ್ಕಾರದ ವೆಚ್ಚದಲ್ಲೇ ಆಗುತ್ತದೆಂದರೂ ‘ಎದಿ ಕೊಯ್ತಾರಂತ’ ಎಂಬ ಒಂದು ಮಾತಿಗೆ ಅಜ್ಜಿ ಬಾಗಿಲು ಹಾಕುತ್ತಾಳೆ. ನರ್ಸ್ ಫೋನು ಮಾಡುತ್ತಾಳೆ, ಆಶಾ ಕಾರ್ಯಕರ್ತೆಯನ್ನು ಕಳಿಸುತ್ತಾಳೆ, ಮೊದಲೇ ಆಪರೇಷನ್ ಆದ ಮಗುವಿನ ತಾಯಿಯನ್ನು ಜೊತೆಗೆ ಕೂರಿಸಿ ಮಾತಾಡಿಸುತ್ತಾಳೆ. ತಿಂಗಳುಗಟ್ಟಲೆ ಹಿಡಿಯುವ ಈ ಪಾಡಿನ ಕೊನೆಗೆ ಮುಂದಿನ ವರ್ಷ ಅದೇ ಪಡಸಾಲೆಯಲ್ಲಿ ತೂಕ ಏರಿಸಿಕೊಂಡ ಮಗು ನಿಂತಿದ್ದರೆ, ಆ ಖುಷಿಗೆ ಬೆಲೆ ಕಟ್ಟಲು ಅವಳೂ ಹೋಗುವುದಿಲ್ಲ. ಚಸ್ಮಾದ್ದೂ ಹೀಗೇ. ‘ಚಸ್ಮಾ ಹಾಕ್ಕೊಂಡ ಹುಡುಗೀನ್ನ ಯಾರ್ ಮಾಡ್ಕೋತಾರ್ರೀ’ ಎಂದು ಟ್ರಂಕಿನಲ್ಲಿ ಮುಚ್ಚಿಟ್ಟ ಕನ್ನಡಕ ಮೂಗಿನ ಮೇಲೆ ಬರಲು ಒಂದೆರಡು ಭೇಟಿ ಸಾಲುವುದಿಲ್ಲ.

ಕೇರಳದಲ್ಲಿ ಶಾಲಾ ಆರೋಗ್ಯಕ್ಕೆಂದೇ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್‌ಗಳನ್ನು ನೇಮಿಸಿದ್ದಾರೆ. ಒಬ್ಬಳಿಗೆ ಕೆಲವು ಶಾಲೆಗಳ ಗುಂಪು. ಜಪಾನಿನಲ್ಲಿ 1905ರಲ್ಲಿ ಟ್ರಕೋಮಾ ಹಾವಳಿಯ ಕಾಲಕ್ಕೆ ಗಿಫು ಪ್ರಾಂತದ ಶಾಲೆಗೆ ಬಂದ ನರ್ಸ್ ಈಗ ‘ಯೋಗೋ’ ಶಿಕ್ಷಕಿಯಾಗಿ ಶಾಲೆಯ ಸಿಬ್ಬಂದಿಯಲ್ಲೇ ಒಬ್ಬಳು. ನಮ್ಮಲ್ಲಿ 2020ರ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಹೆಸರಿಸಿತು. ಶಿಕ್ಷಕರಿಗೆ ಬಿಸಿಯೂಟ, ಹಾಲು, ಮೊಟ್ಟೆ, ಗಣತಿ, ಚುನಾವಣೆಗಳ ಹೊರೆಯ ಮೇಲೆ ಇದೂ ಒಂದು. ಹತ್ತು-ಹನ್ನೆರಡು ಶಾಲೆಗಳ ಕ್ಲಸ್ಟರ್‌ಗೆ ಒಬ್ಬ ನರ್ಸ್, ಅವಳಿಗೊಂದು ಸ್ಕೂಟರು, ಚೀಟಿಗಳ ಒಂದು ವಹಿ ಕೊಟ್ಟರೆ ಜೀಪಿನ ತಂಡ ಪಟ್ಟ ಶ್ರಮ ನೀರುಪಾಲಾಗದು. ಕ್ಲಸ್ಟರ್ ವ್ಯವಸ್ಥೆ ಶಿಕ್ಷಣ ಇಲಾಖೆಯಲ್ಲಿ ಹೇಗೂ ಇದೆ.

ಚೀಟಿಯ ಬೆನ್ನು ಹತ್ತುವ ಈ ಕೆಲಸ ವಸತಿ ಶಾಲೆಯಲ್ಲಿ ಹೇಗೆ ನಡೆಯುತ್ತದೆಂದು ತಿಳಿಯಲು ಏಪ್ರಿಲ್‌ನ ರಜೆ ನೋಡಬೇಕು. ಗಂಟಲುನೋವಿನಿಂದ ಶುರುವಾಗಿ ಹೃದಯದ ಕವಾಟಕ್ಕೆ ಇಳಿಯುವ ರುಮ್ಯಾಟಿಕ್ ಕಾಯಿಲೆಯ ಮಗುವಿಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಬೇಕು, ವರ್ಷಗಟ್ಟಲೆ. ರಜೆಯಲ್ಲಿ ಬೀಳುವ ತಾರೀಖುಗಳನ್ನು ನರ್ಸ್ ಬರೆದು, ಮಗುವಿನ ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪತ್ರ ಕೊಟ್ಟು ಕಳಿಸುತ್ತಾಳೆ. ಮೂರ್ಛೆರೋಗದ ಮಗುವಿಗೆ ರಜೆ ಮುಗಿಯುವವರೆಗೆ ಸಾಲುವಷ್ಟು ಗುಳಿಗಿ ಎಣಿಸಿ ಕಟ್ಟುತ್ತಾಳೆ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಡಿ, ಬಾಯಲ್ಲಿ ಏನೂ ತುರುಕಬೇಡಿ, ಮಗ್ಗುಲಾಗಿ ಮಲಗಿಸಿ ಎಂದು ಅಪ್ಪನಿಗೆ ಮಾಡಿ ತೋರಿಸುತ್ತಾಳೆ. ಶಾಲೆ ತೆರೆದ ಮೊದಲ ವಾರ ಮಕ್ಕಳ ಟ್ರಂಕು ತೆಗೆಸಿ ಗುಳಿಗಿಯ ಖಾಲಿ ಪಟ್ಟಿಗಳನ್ನು ಎಣಿಸುತ್ತಾಳೆ. ಒಂದೆರಡು ಪಟ್ಟಿ ತುಂಬಿಯೇ ಉಳಿದಿರುತ್ತವೆ. ‘ಫಿಟ್ಸ್ ಬರಲಿಲ್ಲಲ್ರೀ, ಅದಕ್ಕ ಅವ್ವ ಬಿಡಸಿದ್ಲು’ ಎನ್ನುತ್ತಾನೆ ಹುಡುಗ. ಗುಳಿಗಿ ನುಂಗಿದ್ದರಿಂದಲೇ ಫಿಟ್ಸ್ ಬರಲಿಲ್ಲ ಎಂದು ಅವ್ವನಿಗೆ ಫೋನು ಹಚ್ಚಿ ಹೇಳಿ, ಸಂತೆಯ ದಿನ ಶಾಲೆಗೆ ಬಂದುಹೋಗಲು ತಿಳಿಸಿ, ಹುಡುಗನ ಹೆಸರನ್ನು ವೈದ್ಯರ ಮುಂದಿನ ಭೇಟಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದುಕೊಳ್ಳುತ್ತಾಳೆ.